ಲ್ಯಾರಿ ಕ್ರೇಮರ್ ಕೂಗಿದ್ದರಿಂದ ಏನಾಯಿತು?

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಏಡ್ಸ್ ಕುರಿತು ಪ್ರಬಂಧ ಬರೆಯುವಾಗ ಅಮೆರಿಕದ ಲ್ಯಾರಿ ಕ್ರೇಮರ್ ಎಂಬುವರ ಹೆಸರು ಮತ್ತೆ ಮತ್ತೆ ಎದುರಾಯಿತು. ಒಂದು ಕಡೆ ಅವರು ಲಕ್ಷಾಂತರ ಜೀವ ಉಳಿಸಿದ ವೀರ. ಇನ್ನೊಂದು ಕಡೆ ಸ್ವಂತ ಸಮುದಾಯವನ್ನೇ ಹೀಗಳೆದ, ವಿಜ್ಞಾನಿಗಳನ್ನು ಕೊಲೆಗಾರರೆಂದು ಕರೆದ ಗಲಾಟೆಕೋರ. ಯಾವುದು ನಿಜ? ಅವರ ಕೂಗಾಟದಿಂದ ಒಂದು ಮಾತ್ರೆಯಾದರೂ ಬೇಗ ಬಂತೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೌದು, ಔಷಧ ಬೇಗ ಬಂತು, ಬೆಲೆಯೂ ಇಳಿಯಿತು. ಆ ಕೆಲಸವನ್ನು ಕೂತು ಮಾಡಿದವರು ಬೇರೆಯವರು. ಅವರನ್ನು ಒಂದು ಸೂರಿನಡಿ ಸೇರಿಸಿದ್ದು ಕ್ರೇಮರ್ ಅವರ ಕೋಪ. ಇವೆರಡನ್ನೂ ಬಿಡಿಸಿ ನೋಡಿದರೆ ನೀವು ಓದಿದ ಎರಡು ಬಗೆಯ ಬರಹಗಳೂ ಅರ್ಧರ್ಧ ಸರಿ ಎಂಬುದು ತಿಳಿಯುತ್ತದೆ.

ಈ ವ್ಯಕ್ತಿಯ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. 1990ರ ದಶಕದಲ್ಲಿ ನಾನು ಕಿರಿಯ ವೈದ್ಯನಾಗಿದ್ದ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಇದ್ದವರ ಮಂಚದ ಕಾಲಿಗೆ ಕೆಂಪು ಚೀಟಿ ಕಟ್ಟುತ್ತಿದ್ದರು. ಊಟದ ತಟ್ಟೆಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಎದ್ದು ಬರಲಾಗದವನು ಆ ತಟ್ಟೆಯನ್ನು ನೋಡುತ್ತ ಮಲಗಿರುತ್ತಿದ್ದ. ಹತ್ತು ವರ್ಷ ಮೊದಲು ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿಯೂ ತಟ್ಟೆಗಳು ಹೀಗೆಯೇ ಬಾಗಿಲ ಹೊರಗೆ ಉಳಿಯುತ್ತಿದ್ದವು ಎಂದು ಆಮೇಲೆ ಓದಿದೆ. ನಾವು ತಲೆತಗ್ಗಿಸಿ ನಡೆದುಹೋದಂಥ ಜಾಗದಲ್ಲಿ ಒಬ್ಬರು ನಿಂತು ಗಂಟಲು ಹರಿಯುವಂತೆ ಕೂಗಿದ್ದರು ಎಂಬುದು ನನ್ನನ್ನು ಹಿಡಿದು ನಿಲ್ಲಿಸಿತು.

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾದ ವರದಿ ಬಂತು. ಜುಲೈ 3ರಂದು ನ್ಯೂಯಾರ್ಕ್ ಟೈಮ್ಸ್ 41 ಸಲಿಂಗಿ ಪುರುಷರಲ್ಲಿ ಕಂಡ ಅಪರೂಪದ ಕ್ಯಾನ್ಸರ್ ಕುರಿತು ಬರೆಯಿತು. ಕ್ರೇಮರ್ ಅವರಿಗೆ ಆಗ 46 ವರ್ಷ. ಯೇಲ್‌ನಲ್ಲಿ ಓದಿದವರು, ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನ ಪಡೆದವರು, ಉಳ್ಳವರು. ಅದೇ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಚೌಕದ ಬಳಿಯ ತಮ್ಮ ಮನೆಗೆ ಸುಮಾರು 80 ಜನರನ್ನು ಕರೆದು, ಚರ್ಮರೋಗ ತಜ್ಞ ಆಲ್ವಿನ್ ಫ್ರೀಡ್‌ಮನ್-ಕೀನ್ ಅವರಿಂದ ರೋಗದ ಬಗ್ಗೆ ಮಾತನಾಡಿಸಿದರು. 1982ರ ಜನವರಿಯಲ್ಲಿ ಅದೇ ಮನೆಯಲ್ಲಿ ಆರು ಜನ ಸೇರಿ ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಸಂಸ್ಥೆ ಕಟ್ಟಿದರು. ಏಡ್ಸ್‌ಗಾಗಿ ಜಗತ್ತಿನಲ್ಲಿ ಹುಟ್ಟಿದ ಮೊದಲ ಸೇವಾ ಸಂಸ್ಥೆಯೆಂದು ಇದನ್ನು ಗುರುತಿಸುತ್ತಾರೆ. ರಾಜರ್ ಮ್ಯಾಕ್‌ಫಾರ್ಲೇನ್ ಎಂಬ ಸ್ವಯಂಸೇವಕ ತಮ್ಮ ಮನೆಯ ಫೋನನ್ನೇ ಸಹಾಯವಾಣಿ ಮಾಡಿದಾಗ ಮೊದಲ ರಾತ್ರಿಯೇ ನೂರಕ್ಕೂ ಹೆಚ್ಚು ಕರೆಗಳು ಬಂದವು. ರೋಗಿಯ ಮನೆಗೆ ಹೋಗಿ ಅಡುಗೆ ಮಾಡುವ, ಮೈ ತೊಳೆಸುವ ಜೊತೆಗಾರರ ವ್ಯವಸ್ಥೆಯೂ ಈ ಸಂಸ್ಥೆಯದೇ. ನೀವು ಕಲಿಯುತ್ತಿರುವ ವೃತ್ತಿಗೆ ತೀರ ಹತ್ತಿರದ ಸಂಗತಿಯಾದ್ದರಿಂದ ಇದನ್ನು ನಿಮ್ಮ ಪ್ರಬಂಧದಲ್ಲಿ ಬಿಡಬೇಡಿ.

ಹಾಗಾದರೆ ಸ್ವಂತ ಸಮುದಾಯ ಅವರನ್ನು ಏಕೆ ದ್ವೇಷಿಸಿತು? ಅದಕ್ಕೆ ಏಡ್ಸ್‌ಗಿಂತ ಹಳೆಯ ಕಾರಣವಿದೆ. 1978ರಲ್ಲಿ ಅವರು ನ್ಯೂಯಾರ್ಕಿನ ಸಲಿಂಗಿ ಪುರುಷರ ಬದುಕಿನ ಬಗ್ಗೆ ಒಂದು ಕಾದಂಬರಿ ಬರೆದಿದ್ದರು. ಪ್ರೀತಿಯಿಲ್ಲದ ದೇಹಸಂಪರ್ಕ, ಮಾದಕ ಪದಾರ್ಥ, ಸಲಿಂಗಿ ಪುರುಷರು ಸೇರುತ್ತಿದ್ದ ಸಾರ್ವಜನಿಕ ಸ್ನಾನಗೃಹಗಳ ರಾತ್ರಿಗಳು, ಎಲ್ಲವನ್ನೂ ಅದರಲ್ಲಿ ಬಯಲಿಗೆಳೆದಿದ್ದರು. ನಗರದ ಗೇ ಪುಸ್ತಕದಂಗಡಿಯೇ ಆ ಪುಸ್ತಕವನ್ನು ಮಾರಲು ಒಪ್ಪಲಿಲ್ಲ. ಸಿಟ್ಟಾದವರ ಕಡೆಯಿಂದಲೂ ಒಮ್ಮೆ ನೋಡಿ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಮನೋರೋಗಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಅಪರಾಧವಲ್ಲವೆಂದು ನ್ಯಾಯಾಲಯ ಹೇಳಿದ್ದು 1980ರಲ್ಲಿ. ಜೀವಮಾನವಿಡೀ ಪೊಲೀಸರಿಗೂ ಪಾದ್ರಿಗಳಿಗೂ ಹೆದರಿ ಬದುಕಿದವರಿಗೆ ಈಗಷ್ಟೇ ಉಸಿರಾಡಲು ಜಾಗ ಸಿಕ್ಕಿತ್ತು. ಅಷ್ಟರಲ್ಲಿ ತಮ್ಮವನೇ ಒಬ್ಬ ಬಂದು ‘ಇದನ್ನೆಲ್ಲ ನಿಲ್ಲಿಸಿ’ ಎಂದರೆ ಅದು ಅವರ ಕಿವಿಗೆ ಪಾದ್ರಿಯ ಮಾತಾಗಿಯೇ ಕೇಳಿಸಿತು.

1983ರ ಮಾರ್ಚ್ 14ರ ‘ನ್ಯೂಯಾರ್ಕ್ ನೇಟಿವ್’ ಪತ್ರಿಕೆಯಲ್ಲಿ ಕ್ರೇಮರ್ ಅವರ ‘1,112 ಅಂಡ್ ಕೌಂಟಿಂಗ್’ ಲೇಖನ ಬಂತು. 1,112 ಎಂಬುದು ಆ ದಿನಕ್ಕೆ ದೇಶದಲ್ಲಿದ್ದ ಗಂಭೀರ ಏಡ್ಸ್ ಪ್ರಕರಣಗಳ ಲೆಕ್ಕ. ಸತ್ತವರು 418. ಇದನ್ನು ಓದಿಯೂ ನಿಮಗೆ ನಡುಕ ಹುಟ್ಟದಿದ್ದರೆ ನಮ್ಮ ಗತಿ ಮುಗಿದಂತೆಯೇ ಎಂಬ ಅರ್ಥದ, ಅಚ್ಚಿನಲ್ಲಿ ಸಾಮಾನ್ಯವಾಗಿ ಕಾಣದಷ್ಟು ಒರಟಾದ ವಾಕ್ಯದಿಂದ ಅದು ಶುರುವಾಗುತ್ತದೆ. ಮುಂದೆ ಯಾರನ್ನೂ ಬಿಡುವುದಿಲ್ಲ. ನ್ಯೂಯಾರ್ಕಿನ ಮೇಯರ್ ಎಡ್ ಕೋಚ್, ಸಂಶೋಧನೆಗೆ ಹಣ ಬಿಡದ ಸರ್ಕಾರ, ಸುದ್ದಿಯನ್ನೇ ಮಾಡದ ಪತ್ರಿಕೆಗಳು, ಆಸ್ಪತ್ರೆಗಳು, ಕೊನೆಗೆ ಹೆದರಿ ಮನೆಯೊಳಗೆ ಅವಿತ ಸಲಿಂಗಿಗಳು. ಕೊನೆಯಲ್ಲಿ ತಮಗೆ ಗೊತ್ತಿದ್ದ ಇಪ್ಪತ್ತು ಮೃತರ ಹೆಸರು ಬರೆದಿದ್ದಾರೆ. ಆ ಪಟ್ಟಿಗೆ ಇನ್ನೊಬ್ಬನನ್ನು ಹೆಸರಿಲ್ಲದೆ ಸೇರಿಸುತ್ತಾರೆ: ಈ ಮಾತು ಅಚ್ಚಾಗುವ ಹೊತ್ತಿಗೆ ಅವನೂ ಸತ್ತಿರುತ್ತಾನೆ ಎಂದು.

ಈ ಲೇಖನದ ಮಟ್ಟಿಗೆ ನನಗೆ ಯಾವ ಅನುಮಾನವೂ ಇಲ್ಲ. ಅಮೆರಿಕದ ಸಲಿಂಗಿ ಸಮುದಾಯಕ್ಕೆ ಅಪಾಯದ ಗಾತ್ರ ಗೊತ್ತಾಗಿದ್ದರಲ್ಲಿ ಇದರ ಪಾಲು ದೊಡ್ಡದು. ಕಾರಣವಾದ ವೈರಸ್ಸನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಆಗಿನ್ನೂ ಪ್ರಕಟಿಸಿರಲಿಲ್ಲ. ರಕ್ತಪರೀಕ್ಷೆ ಬಂದದ್ದು 1985ರಲ್ಲಿ. ಕಣ್ಣು ಕಟ್ಟಿದ ಕತ್ತಲಲ್ಲಿ ಲೆಕ್ಕಮಾತ್ರ ನೋಡಿ ಅವರು ಹೇಳಿದ್ದು ಸರಿಯಾಗಿತ್ತು.

ಆದರೆ ಅವರು ಬರೆದುಕೊಟ್ಟ ಮದ್ದು ಸರಿಯಾಗಿರಲಿಲ್ಲ. ಕಾರಣ ಗೊತ್ತಾಗುವವರೆಗೆ ದೇಹಸಂಪರ್ಕವನ್ನೇ ನಿಲ್ಲಿಸಿ ಎಂಬುದು ಅವರ ಪಟ್ಟು. ಅದೇ 1983ರ ಮೇ ತಿಂಗಳಲ್ಲಿ ಮೈಕೆಲ್ ಕ್ಯಾಲನ್ ಮತ್ತು ರಿಚರ್ಡ್ ಬರ್ಕೋವಿಟ್ಜ್ ಎಂಬ ಇಬ್ಬರು ರೋಗಿಗಳು, ತಮ್ಮ ವೈದ್ಯ ಜೋಸೆಫ್ ಸೊನಬೆಂಡ್ ಅವರ ಮಾರ್ಗದರ್ಶನದಲ್ಲಿ, ಒಂದು ಸಣ್ಣ ಪುಸ್ತಿಕೆ ಹೊರತಂದರು. ಸಾಂಕ್ರಾಮಿಕದ ನಡುವೆಯೂ ಸುರಕ್ಷಿತವಾಗಿ ಕೂಡುವುದು ಹೇಗೆ, ಕಾಂಡೋಮ್ ಏಕೆ ಬೇಕು ಎಂದು ಸಂಕೋಚವಿಲ್ಲದೆ ವಿವರಿಸಿದರು. ರೋಗಕ್ಕೆ ಒಂದೇ ವೈರಸ್ ಕಾರಣವೆಂದು ಅವರು ನಂಬಿರಲಿಲ್ಲ. ಅದರಲ್ಲಿ ಅವರು ತಪ್ಪಿದ್ದರು. ಆದರೂ ಅವರು ಕೊಟ್ಟ ಸಲಹೆ ಇಂದಿಗೂ ನಿಂತಿದೆ. ನೀವು ಆಪ್ತಸಮಾಲೋಚನೆಯ ಪಾಠದಲ್ಲಿ ಓದುವುದು ಕ್ಯಾಲನ್ ಮತ್ತು ಬರ್ಕೋವಿಟ್ಜ್ ದಾರಿಯನ್ನು. ರೋಗಿಯನ್ನು ಬೈದು ನಡತೆ ಬದಲಿಸಲಾಗದು ಎಂಬುದು ನನ್ನ ಮೂವತ್ತು ವರ್ಷಗಳ ಅನುಭವವೂ ಹೌದು. ಕ್ರೇಮರ್‌ಗೆ ಸಲ್ಲದ ಈ ಶ್ರೇಯಸ್ಸನ್ನು ಅವರ ಅಭಿಮಾನಿಗಳು ಅವರಿಗೇ ಕಟ್ಟುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಆ ವಸಂತದಲ್ಲೇ ಅವರು ತಾವು ಕಟ್ಟಿದ ಸಂಸ್ಥೆಯಿಂದ ಹೊರಬಿದ್ದರು. ಮೇಯರ್ ಕೊನೆಗೂ ಭೇಟಿಗೆ ಒಪ್ಪಿದಾಗ ಅಧ್ಯಕ್ಷ ಪಾಲ್ ಪೋಪ್‌ಹ್ಯಾಮ್ ಕ್ರೇಮರ್ ಅವರನ್ನು ಜೊತೆಗೆ ಕರೆದೊಯ್ಯಲಿಲ್ಲ. ಸಿಟ್ಟಿನಲ್ಲಿ ಕ್ರೇಮರ್ ರಾಜೀನಾಮೆ ಕೊಟ್ಟರು. ಆಮೇಲೆ ಮರಳಲು ಬಯಸಿದಾಗ ಮಂಡಳಿ ಒಪ್ಪಲಿಲ್ಲ. ಪೋಪ್‌ಹ್ಯಾಮ್ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದ ಧೈರ್ಯಸ್ಥ, ಆದರೆ ಕಚೇರಿಯಲ್ಲಿ ತಾನು ಸಲಿಂಗಿಯೆಂದು ಹೇಳಿಕೊಂಡಿರಲಿಲ್ಲ. ಸರ್ಕಾರದೊಂದಿಗೆ ಮೆಲ್ಲಗೆ ಮಾತಾಡಿ ರೋಗಿಗಳ ಆರೈಕೆ ನಡೆಸುವುದು ಅವರ ಹಾದಿ. ಆ ಹಾದಿಯಿಂದಲೇ ಸಾವಿರಾರು ಜನರಿಗೆ ಅನ್ನ, ನೀರು, ಔಷಧ ಮುಟ್ಟಿತು. ಕ್ರೇಮರ್ ಅವರಿಗೆ ಅದು ಸ್ಮಶಾನದ ಕೆಲಸದಂತೆ ಕಂಡಿತು. ಯುರೋಪಿಗೆ ಹೋಗಿ ಡಾಖೌ ಯಾತನಾ ಶಿಬಿರವನ್ನು ನೋಡಿದರು. ಅದು 1933ರಲ್ಲೇ ತೆರೆದಿತ್ತು, ಜಗತ್ತು ಸುಮ್ಮನಿತ್ತು ಎಂಬುದು ಅವರ ತಲೆಯಲ್ಲಿ ಕೂತುಬಿಟ್ಟಿತು. ಹಿಂತಿರುಗಿ ಬರೆದ ‘ದಿ ನಾರ್ಮಲ್ ಹಾರ್ಟ್’ ನಾಟಕ 1985ರ ಏಪ್ರಿಲ್‌ನಲ್ಲಿ ರಂಗಕ್ಕೆ ಬಂತು.

ಈಗ ಮುಖ್ಯ ಘಟ್ಟ. 1987ರ ಮಾರ್ಚ್ 10, ಮ್ಯಾನ್‌ಹಟನ್ನಿನ ಪಶ್ಚಿಮ 13ನೇ ಬೀದಿಯ ಸಮುದಾಯ ಕೇಂದ್ರ. ಭಾಷಣಕ್ಕೆ ಬರಬೇಕಿದ್ದವರು ಲೇಖಕಿ ನೋರಾ ಎಫ್ರಾನ್. ಅವರು ಬರಲಾಗದೆ ಕ್ರೇಮರ್ ಬದಲಿಯಾಗಿ ನಿಂತಿದ್ದರು. ಮಾತು ಶುರು ಮಾಡುತ್ತಲೇ ಸಭೆಯ ಮೂರರಲ್ಲಿ ಎರಡು ಪಾಲು ಜನರನ್ನು ಎದ್ದು ನಿಲ್ಲಲು ಹೇಳಿದರು. ಜನ ಎದ್ದರು. ಹೀಗೇ ಮುಂದುವರಿದರೆ ಐದು ವರ್ಷದೊಳಗೆ ನೀವೆಲ್ಲ ಸತ್ತಿರಬಹುದು ಎಂದರು. ಅಂಕಿಅಂಶ ಹೇಳುವುದಕ್ಕೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ನಿಂತವನಿಗೆ ತನ್ನ ಕಾಲಮೇಲೆಯೇ ಆ ಸಂಖ್ಯೆ ಬಂದು ಕೂತಂತಾಯಿತು. ಕೂತಿದ್ದವನು ತಲೆಯೆತ್ತಿ ತನ್ನ ಸ್ನೇಹಿತನ ಮುಖ ನೋಡಬೇಕಾಯಿತು. ರಾಜಕೀಯ ಹೋರಾಟಕ್ಕಷ್ಟೇ ಮೀಸಲಾದ ಸಂಘಟನೆ ಬೇಕೇ ಎಂದು ಕೇಳಿದಾಗ ಸಭೆ ಹೌದೆಂದಿತು. ಎರಡು ದಿನ ಬಿಟ್ಟು ಸುಮಾರು 300 ಜನ ಮತ್ತೆ ಸೇರಿದರು. ‘ಆಕ್ಟ್ ಅಪ್’ ಹುಟ್ಟಿದ್ದು ಹೀಗೆ.

ಮೊದಲ ಏಡ್ಸ್ ಔಷಧ ಎಜೆಡ್‌ಟಿಗೆ ಒಪ್ಪಿಗೆ ಸಿಕ್ಕಿದ್ದು ಅದೇ ಮಾರ್ಚ್ 19ರಂದು. ವರ್ಷಕ್ಕೆ ಸುಮಾರು 10,000 ಡಾಲರ್. ನಾಲ್ಕು ಗಂಟೆಗೊಮ್ಮೆ, ನಡುರಾತ್ರಿಯೂ ಎದ್ದು ನುಂಗಬೇಕು. ರೋಗಿಗಳ ಜೇಬಿನಲ್ಲಿ ಮಾತ್ರೆ ಡಬ್ಬಿಯ ಗಂಟೆ ಬಾರಿಸುತ್ತಿತ್ತು. ಮಾರ್ಚ್ 24ರಂದು ಆಕ್ಟ್ ಅಪ್ ವಾಲ್ ಸ್ಟ್ರೀಟ್‌ನಲ್ಲಿ ರಸ್ತೆಗೆ ಇಳಿಯಿತು, 17 ಜನರ ಬಂಧನವಾಯಿತು. ಡಿಸೆಂಬರಿನಲ್ಲಿ ಎಜೆಡ್‌ಟಿ ತಯಾರಿಸುತ್ತಿದ್ದ ಬರೋಸ್ ವೆಲ್‌ಕಮ್ ಕಂಪನಿ ಬೆಲೆಯನ್ನು ಶೇ 20ರಷ್ಟು ಇಳಿಸಿತು. 1989ರ ಸೆಪ್ಟೆಂಬರ್ 14ರಂದು ಆಕ್ಟ್ ಅಪ್‌ನ ಪೀಟರ್ ಸ್ಟೇಲಿ ಮತ್ತು ಸಂಗಾತಿಗಳು ನಕಲಿ ಬ್ಯಾಡ್ಜ್ ತೊಟ್ಟು ನ್ಯೂಯಾರ್ಕ್ ಷೇರುಪೇಟೆಯ ಒಳಗೇ ನುಗ್ಗಿದರು. ಬಾಲ್ಕನಿಯ ಕಂಬಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು, ‘ವೆಲ್‌ಕಮ್ ಷೇರು ಮಾರಿ’ ಎಂಬ ಬ್ಯಾನರ್ ಇಳಿಬಿಟ್ಟು, ಬೆಳಗಿನ ವಹಿವಾಟಿನ ಗಂಟೆ ಕೇಳದಂತೆ ಕಹಳೆ ಊದಿದರು. ಕೆಲವೇ ದಿನಗಳಲ್ಲಿ ಬೆಲೆ ಮತ್ತೆ ಶೇ 20ರಷ್ಟು ಇಳಿದು 6,400 ಡಾಲರಿನ ಆಸುಪಾಸಿಗೆ ಬಂತು.

ಬೆಲೆಗಿಂತ ದೊಡ್ಡ ಜಗಳ ಔಷಧ ಪರೀಕ್ಷೆಯದು. ಹೊಸ ಔಷಧಕ್ಕೆ ಒಪ್ಪಿಗೆ ಸಿಗಲು ಎಂಟೊಂಬತ್ತು ವರ್ಷ ಹಿಡಿಯುತ್ತಿದ್ದ ಕಾಲ ಅದು; ರೋಗಿಗೆ ಉಳಿದದ್ದು ಒಂದೋ ಎರಡೋ ವರ್ಷ. 1988ರ ಅಕ್ಟೋಬರ್ 11ರಂದು ಸಾವಿರಕ್ಕೂ ಹೆಚ್ಚು ಜನ ಮೇರಿಲ್ಯಾಂಡಿನ ರಾಕ್‌ವಿಲ್‌ನಲ್ಲಿದ್ದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಚೇರಿಗೆ ಮುತ್ತಿಗೆ ಹಾಕಿದರು. ಕಲಾವಿದ ಡೇವಿಡ್ ವೊಯ್ನರೋವಿಚ್ ಅವರ ಜಾಕೆಟ್ಟಿನ ಬೆನ್ನಮೇಲೆ ಬರೆದಿತ್ತು: ನಾನು ಏಡ್ಸ್‌ನಿಂದ ಸತ್ತರೆ ಹೂಳಬೇಡಿ, ಹೆಣವನ್ನು ಎಫ್‌ಡಿಎ ಮೆಟ್ಟಿಲ ಮೇಲೆ ಎಸೆಯಿರಿ. ಅದೇ ತಿಂಗಳು ಮಾರಕ ರೋಗಗಳ ಔಷಧಗಳಿಗೆ ಬೇಗ ಒಪ್ಪಿಗೆ ಕೊಡುವ ಹೊಸ ನಿಯಮ ಘೋಷಣೆಯಾಯಿತು. ಸರ್ಕಾರಿ ನಿಯಂತ್ರಣಗಳನ್ನು ಸಡಿಲಿಸುವ ಕೆಲಸವನ್ನು ಆಗಿನ ಉಪಾಧ್ಯಕ್ಷ ಬುಷ್ ನೇತೃತ್ವದ ಕಾರ್ಯಪಡೆಯೂ ಮಾಡುತ್ತಿತ್ತು. ಪೂರ್ತಿ ಕೀರ್ತಿಯನ್ನು ಬೀದಿಗೇ ಕೊಡುವುದು ಸರಿಯಲ್ಲ.

ನಾನು ಆಗಲೇ ಹೇಳಿದ ‘ಕೂತು ಕೆಲಸ ಮಾಡಿದವರು’ ಇಲ್ಲಿದ್ದಾರೆ. ಐರಿಸ್ ಲಾಂಗ್ ಔಷಧ ಉದ್ಯಮದಲ್ಲಿ ದುಡಿದಿದ್ದ ರಸಾಯನಶಾಸ್ತ್ರಜ್ಞೆ, ಸ್ವತಃ ಸಲಿಂಗಿಯಲ್ಲ. ಆಕ್ಟ್ ಅಪ್ ಸಭೆಗೆ ಬಂದು, ನಿಮಗೆ ಔಷಧ ವಿಜ್ಞಾನವೇ ಗೊತ್ತಿಲ್ಲ, ಕಲಿಯುವುದಾದರೆ ಕಲಿಸುತ್ತೇನೆ ಎಂದರು. ಮಾರ್ಕ್ ಹ್ಯಾರಿಂಗ್ಟನ್, ಜಿಮ್ ಐಗೋ ಅವರಂಥವರು ವಿಜ್ಞಾನ ಓದಿದವರಲ್ಲ, ಬರವಣಿಗೆಯವರು. ಹ್ಯಾರಿಂಗ್ಟನ್ ಅರ್ಥವಾಗದ ಪದಗಳನ್ನೆಲ್ಲ ಗುರುತು ಹಾಕಿಕೊಂಡು ಪಾರಿಭಾಷಿಕ ಪದಕೋಶವನ್ನೇ ತಯಾರಿಸಿದರು. ಪ್ರಯೋಗಕ್ಕೆ ಸೇರಲಾಗದ ರೋಗಿಗಳಿಗೂ, ಪ್ರಯೋಗ ನಡೆಯುತ್ತಿರುವಾಗಲೇ, ಪಕ್ಕದ ದಾರಿಯಲ್ಲಿ ಔಷಧ ಕೊಡಬೇಕೆಂಬ ಯೋಜನೆ ಈ ಗುಂಪಿನಿಂದ ಬಂತು. ಡಿಡಿಐ ಎಂಬ ಔಷಧ 1991ರಲ್ಲಿ ಒಪ್ಪಿಗೆ ಪಡೆಯುವ ಮೊದಲೇ ಈ ದಾರಿಯಿಂದ ಸಾವಿರಾರು ಜನರ ಕೈ ಸೇರಿತ್ತು. ನೀವು ಕೇಳಿದ ಆ ಒಂದು ಮಾತ್ರೆ ಇದೇ.

ಬೇಗ ಬಂದ ಔಷಧಕ್ಕೆ ಬೆಲೆಯನ್ನೂ ತೆರಬೇಕಾಯಿತು. ರೋಗಲಕ್ಷಣವಿಲ್ಲದವರಿಗೆ ಎಜೆಡ್‌ಟಿಯನ್ನು ಮುಂಚಿತವಾಗಿ ಕೊಟ್ಟರೆ ದೀರ್ಘಕಾಲದಲ್ಲಿ ಲಾಭವಿಲ್ಲ ಎಂದು 1993ರಲ್ಲಿ ಕಾಂಕಾರ್ಡ್ ಅಧ್ಯಯನ ಹೇಳಿದಾಗ ಹೋರಾಟಗಾರರಿಗೆ ನೆಲ ಕುಸಿದಂತಾಯಿತು. ಆಕ್ಟ್ ಅಪ್‌ನಿಂದ 1992ರಲ್ಲಿ ಬೇರೆಯಾಗಿದ್ದ ‘ಟ್ರೀಟ್‌ಮೆಂಟ್ ಆ್ಯಕ್ಷನ್ ಗ್ರೂಪ್’ 1994ರಲ್ಲಿ ಸಕ್ವಿನಾವಿರ್ ಎಂಬ ಹೊಸ ಏಡ್ಸ್ ಔಷಧಕ್ಕೆ ಅವಸರದ ಒಪ್ಪಿಗೆ ಬೇಡ, ಇನ್ನಷ್ಟು ದೊಡ್ಡ ಪ್ರಯೋಗ ನಡೆಸಿ ಎಂದು ಕೇಳಿತು. ಉಳಿದ ಹೋರಾಟಗಾರರು ಅವರನ್ನು ದ್ರೋಹಿಗಳೆಂದರು. ಆರು ವರ್ಷ ಮೊದಲು ಎಫ್‌ಡಿಎ ಬಾಗಿಲು ಬಡಿದವರೇ ಈಗ ಸಾಕ್ಷ್ಯ ಸಾಲದು ಎನ್ನುತ್ತಿದ್ದುದು ನನಗೆ ಸೋಲೆನಿಸುವುದಿಲ್ಲ. ತಪ್ಪನ್ನು ಕಂಡು ತಿದ್ದಿಕೊಳ್ಳುವ ಧೈರ್ಯ ಅದು.

ಇನ್ನು ನೀವು ಕೇಳಿದ ‘ಕೊಲೆಗಾರ’ ಮಾತು. 1988ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಗ್ಸಾಮಿನರ್ ಪತ್ರಿಕೆಯಲ್ಲಿ ಸರ್ಕಾರದ ಏಡ್ಸ್ ಸಂಶೋಧನೆಯ ಹೊಣೆ ಹೊತ್ತಿದ್ದ ಡಾ. ಆಂಥೊನಿ ಫೌಚಿ ಅವರಿಗೆ ಬರೆದ ಬಹಿರಂಗ ಪತ್ರದಲ್ಲಿ ಕ್ರೇಮರ್ ಆ ವಿಜ್ಞಾನಿಯನ್ನು ಕೊಲೆಗಾರನೆಂದೂ ಅಸಮರ್ಥ ಮೂರ್ಖನೆಂದೂ ಕರೆದದ್ದು ನಿಜ. ಅದು ಅನ್ಯಾಯದ ಮಾತು. ಫೌಚಿ 1981ರಿಂದಲೇ ತಮ್ಮ ಪ್ರಯೋಗಾಲಯವನ್ನು ಈ ರೋಗದತ್ತ ತಿರುಗಿಸಿದ್ದವರು. ಆದರೆ ಫೌಚಿ ಬೈಗುಳವನ್ನು ಪಕ್ಕಕ್ಕಿಟ್ಟು ಒಳಗಿನ ದೂರನ್ನು ಓದಿದರು. ಹೋರಾಟಗಾರರನ್ನು ಕರೆದು ಮಾತನಾಡಿದರು, 1989ರಲ್ಲಿ ಆ ಪಕ್ಕದ ದಾರಿಯ ಯೋಜನೆಯನ್ನು ಬಹಿರಂಗವಾಗಿ ಬೆಂಬಲಿಸಿದರು, ಪ್ರಯೋಗಗಳನ್ನು ರೂಪಿಸುವ ಸಮಿತಿಗಳಲ್ಲಿ ರೋಗಿಗಳಿಗೆ ಕುರ್ಚಿ ಸಿಕ್ಕಿತು. ಇಬ್ಬರೂ ಮುಂದೆ ಸ್ನೇಹಿತರಾದರು. ಅಮೆರಿಕದ ವೈದ್ಯಕೀಯದಲ್ಲಿ ಲ್ಯಾರಿಗಿಂತ ಮೊದಲಿನದು, ಲ್ಯಾರಿಯ ನಂತರದ್ದು ಎಂಬ ಎರಡು ಕಾಲಗಳಿವೆ ಎಂದದ್ದು ಸ್ವತಃ ಫೌಚಿ.

ಎಡ್ ಕೋಚ್ ಅವರೊಂದಿಗೆ ಮಾತ್ರ ರಾಜಿಯಾಗಲಿಲ್ಲ. ಮೇಯರ್ ಹುದ್ದೆ ಬಿಟ್ಟ ಮೇಲೆ ಕೋಚ್ ಕ್ರೇಮರ್ ಇದ್ದ ಕಟ್ಟಡಕ್ಕೇ ವಾಸಕ್ಕೆ ಬಂದರು. ಒಮ್ಮೆ ಕೋಚ್ ಬಗ್ಗಿ ಕ್ರೇಮರ್ ಅವರ ನಾಯಿ ಮಾಲಿಯ ತಲೆ ಸವರಲು ಹೋದರಂತೆ. ಅಪ್ಪನ ಸ್ನೇಹಿತರನ್ನೆಲ್ಲ ಕೊಂದವನು ಇವನೇ ಎಂದು ನಾಯಿಗೆ ಹೇಳಿ ಎಳೆದುಕೊಂಡು ಹೋದೆ ಎಂದು ಕ್ರೇಮರ್ ಹೇಳಿಕೊಂಡಿದ್ದಾರೆ. ಓದಿದಾಗಲೆಲ್ಲ ನನಗೆ ಆ ಪಟ್ಟಿಯ ಇಪ್ಪತ್ತು ಹೆಸರುಗಳು ನೆನಪಾಗುತ್ತವೆ.

ಸೇಂಟ್ ಪ್ಯಾಟ್ರಿಕ್ ಚರ್ಚಿನ ಘಟನೆಯನ್ನೂ ಕ್ರೇಮರ್ ಖಾತೆಗೆ ಬರೆಯುವವರಿದ್ದಾರೆ. 1989ರ ಡಿಸೆಂಬರ್ 10ರಂದು ಕಾಂಡೋಮ್ ಶಿಕ್ಷಣವನ್ನೂ ಗರ್ಭಪಾತವನ್ನೂ ವಿರೋಧಿಸುತ್ತಿದ್ದ ನ್ಯೂಯಾರ್ಕಿನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಓಕಾನರ್ ವಿರುದ್ಧ ಸಾವಿರಾರು ಜನ ಸೇರಿದರು. ಪೂಜೆಯ ನಡುವೆ ಒಳಗೆ ಕೂಗಾಟ, ಒಬ್ಬನ ಕೈಯಲ್ಲಿ ಪವಿತ್ರ ಪ್ರಸಾದ ಪುಡಿಯಾಯಿತು, 111 ಜನರ ಬಂಧನ. ಆಕ್ಟ್ ಅಪ್ ಯಾರೊಬ್ಬರ ಆಣತಿಯಂತೆ ನಡೆದದ್ದಲ್ಲ. ಸೋಮವಾರದ ಸಭೆಯಲ್ಲಿ ಗಂಟೆಗಟ್ಟಲೆ ಜಗಳವಾಡಿ ಮತ ಹಾಕಿ ತೀರ್ಮಾನಿಸುತ್ತಿದ್ದರು. ಪ್ರಾರ್ಥನೆಗೆ ಬಂದವರ ನಂಬಿಕೆಯನ್ನು ಆ ದಿನ ನೋಯಿಸಿದ್ದು ತಪ್ಪೆಂದೇ ನನ್ನ ಎಣಿಕೆ. ಅದೇ ಧರ್ಮಪ್ರಾಂತದ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳ ಆರೈಕೆಯೂ ನಡೆಯುತ್ತಿತ್ತು.

1996ರಲ್ಲಿ ಮೂರು ಔಷಧಗಳ ಸಂಯೋಜನೆ ಬಳಕೆಗೆ ಬಂತು. ಅಮೆರಿಕದಲ್ಲಿ 1995ರಲ್ಲಿ ಸುಮಾರು 50,000 ಇದ್ದ ವಾರ್ಷಿಕ ಸಾವು 1997ಕ್ಕೆ ಅರ್ಧಕ್ಕಿಂತ ಕೆಳಗಿಳಿಯಿತು. ಈ ಔಷಧಗಳನ್ನು ಕಂಡುಹಿಡಿದದ್ದು ಹೋರಾಟಗಾರರಲ್ಲ, ಪ್ರಯೋಗಾಲಯಗಳು. ಸಂಶೋಧನೆಗೆ ಹಣ ಹರಿಯುವಂತೆ, ಪ್ರಯೋಗಗಳು ಬೇಗ ನಡೆಯುವಂತೆ ಒತ್ತಡ ಹೇರಿದ್ದು ಹೋರಾಟ. ಆ ಮಾದರಿ ಗಡಿ ದಾಟಿತು. ದಕ್ಷಿಣ ಆಫ್ರಿಕಾದಲ್ಲಿ ಜ್ಯಾಕಿ ಅಕ್‌ಮತ್ ಮತ್ತು ಸಂಗಾತಿಗಳು 1998ರಲ್ಲಿ ಕಟ್ಟಿದ ‘ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್’ ಆಕ್ಟ್ ಅಪ್‌ನಿಂದ ಪಾಠ ಕಲಿತಿತ್ತು. 2001ರ ಫೆಬ್ರವರಿಯಲ್ಲಿ ನಮ್ಮ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ ಕೊಡುತ್ತೇನೆಂದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಗೆ ಹೇಳಿದಾಗ, ಶ್ರೀಮಂತ ದೇಶಗಳಲ್ಲಿ ಅದು 10,000 ಡಾಲರಿಗೂ ಹೆಚ್ಚಿತ್ತು. ಭಾರತ ಸರ್ಕಾರ 2004ರ ಏಪ್ರಿಲ್ 1ರಿಂದ ಉಚಿತ ಚಿಕಿತ್ಸೆ ಆರಂಭಿಸಿದಾಗ ಮೊದಲಿಗೆ ಆರಿಸಿದ ಆರು ಹೆಚ್ಚು ಸೋಂಕಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ನೀವು ಪೋಸ್ಟಿಂಗ್‌ಗೆ ಹೋಗುವ ಎಆರ್‌ಟಿ (ಎಚ್‌ಐವಿ ಔಷಧ ಚಿಕಿತ್ಸೆ) ಕೇಂದ್ರದ ಹಿನ್ನೆಲೆ ಅದು. ಇದನ್ನೆಲ್ಲ ಕ್ರೇಮರ್ ಮಾಡಿದರು ಎನ್ನಲಾಗದು. ಔಷಧದ ಬೆಲೆಯನ್ನು ರೋಗಿ ಪ್ರಶ್ನಿಸಬಹುದು ಎಂಬುದು ಎಲ್ಲೋ ಒಂದು ಕಡೆ ಮೊದಲು ಶುರುವಾಗಬೇಕಿತ್ತು. ವಾಲ್ ಸ್ಟ್ರೀಟ್‌ನ ಆ ಬೆಳಗ್ಗೆ ಅಂಥ ಒಂದು ಆರಂಭ.

ಕ್ರೇಮರ್ ಅವರಿಗೂ ಎಚ್‌ಐವಿ ಇರುವುದು 1988ರಲ್ಲಿ ಗೊತ್ತಾಗಿತ್ತು. ಹೆಪಟೈಟಿಸ್ ಬಿಯಿಂದ ಯಕೃತ್ತು ಹಾಳಾದಾಗ, ಎಚ್‌ಐವಿ ಇದ್ದವರಿಗೆ ಅಂಗ ಕೊಟ್ಟರೆ ವ್ಯರ್ಥ ಎನ್ನುತ್ತಿದ್ದ ಕಾಲದಲ್ಲಿ, 2001ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವರಿಗೆ ಕಸಿ ಮಾಡಲಾಯಿತು. ಅದಾದ ಮೇಲೆ ಹದಿನೆಂಟು ವರ್ಷಕ್ಕೂ ಹೆಚ್ಚು ಬದುಕಿದರು. 2013ರಲ್ಲಿ ಸಂಗಾತಿ ಡೇವಿಡ್ ವೆಬ್‌ಸ್ಟರ್ ಅವರನ್ನು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿಯೇ ಮದುವೆಯಾದರು. 2020ರ ಮೇ 27ರಂದು, 84ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು.

ಪ್ರಬಂಧಕ್ಕೆ ಒಂದೇ ಮೂಲವನ್ನು ಓದಲು ಸಮಯವಿದ್ದರೆ 1983ರ ಆ ಲೇಖನವನ್ನೇ ಓದಿ. ಅವರ ಗುಣ, ದೋಷ ಎರಡೂ ಅದರಲ್ಲಿ ಪಕ್ಕಪಕ್ಕದಲ್ಲೇ ಇವೆ. ಕೊನೆಯ ಹೆಸರುಗಳ ಪಟ್ಟಿಯನ್ನು ಹಾರಿಸಬೇಡಿ, ಒಂದೊಂದನ್ನೂ ಓದಿ.